ರಾತ್ರಿ ಎರಡಕ್ಕೂ ಬಾಗಿಲು ಹಾಕದ ಪುಸ್ತಕದಂಗಡಿ: ತೈಪೆಯ ಎಸ್‌ಲೈಟ್ ಸೊಂಗ್‌ಯೆನ್

ರಾತ್ರಿ ಎರಡು ಗಂಟೆ ದಾಟಿತ್ತು. ನಾನು ನೆಲದ ಮೇಲೆ ಕಾಲು ಚಾಚಿ ಕೂತಿದ್ದೆ. ಬೆನ್ನಿಗೆ ಮಕ್ಕಳ ಪುಸ್ತಕಗಳ ಕಪಾಟು. ಪಕ್ಕದಲ್ಲಿ ನನ್ನ ಗೆಳತಿ, ಆಮೆಯೊಂದು ಮಳೆ ಹುಡುಕಿಕೊಂಡು ಹೋಗುವ ಕಥೆಯನ್ನು ಸಣ್ಣ ದನಿಯಲ್ಲಿ ಓದಿ ಹೇಳುತ್ತಿದ್ದಳು. ಎದುರಿನ ಸಾಲಿನಲ್ಲಿ ಕೋಟು ತೊಟ್ಟ ಒಬ್ಬರು ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ನಿಂತೇ ಓದುತ್ತಿದ್ದರು. ಅಷ್ಟರಲ್ಲಿ ಅಂಗಡಿಯ ಹುಡುಗಿಯೊಬ್ಬಳು ಪುಸ್ತಕ ತುಂಬಿದ ಗಾಡಿ ತಳ್ಳಿಕೊಂಡು ಬಂದಳು. ನಾನು ಕಾಲು ಮಡಚಿಕೊಳ್ಳಲು ಹೋದೆ. ಅವಳು ಬೇಡ ಎನ್ನುವಂತೆ ಕೈ ಆಡಿಸಿ, ಗಾಡಿಯನ್ನೇ ಹಿಂದಕ್ಕೆ ಎಳೆದು ಇನ್ನೊಂದು ಸಾಲಿನಿಂದ ಬಳಸಿಕೊಂಡು ಹೋದಳು.

ಹದಿನಾರು ವರ್ಷ ಒಂದು ಶಾಲೆಯ ಲೈಬ್ರರಿ ನೋಡಿಕೊಂಡವಳು ನಾನು. ಪುಸ್ತಕದ ಜಾಗ ಹೇಗಿದೆ ಎಂದು ತಿಳಿಯಲು ನಾನು ಮೊದಲು ನೋಡುವುದು ಕಪಾಟನ್ನಲ್ಲ, ಓದುತ್ತಾ ಕೂತವರನ್ನು ಅಲ್ಲಿಯವರು ಹೇಗೆ ನಡೆಸಿಕೊಳ್ಳುತ್ತಾರೆ ಎನ್ನುವುದನ್ನು. ಆ ಗಾಡಿ ಹಿಂದಕ್ಕೆ ತಿರುಗಿದಾಗಲೇ ಈ ಅಂಗಡಿಯ ಬಗ್ಗೆ ಬರೆಯಬೇಕು ಅನಿಸಿತು.

ತೈಪೆ ತೈವಾನಿನ ರಾಜಧಾನಿ. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ತೈಪೆ 101 ಗೋಪುರ ಹತ್ತುತ್ತಾರೆ, ದೇವಸ್ಥಾನ ನೋಡುತ್ತಾರೆ, ರಾತ್ರಿ ಸಂತೆಯಲ್ಲಿ ತಿನ್ನುತ್ತಾರೆ. ಹತ್ತೂವರೆಗೆಲ್ಲ ಹೋಟೆಲಿಗೆ ಬಂದು ಮಲಗುತ್ತಾರೆ. ನಾನು ಕೂಡ ಮೊದಲ ಮೂರು ದಿನ ಹಾಗೇ ಮಾಡಿದೆ. ನಾಲ್ಕನೆಯದು ಶುಕ್ರವಾರ. 'ಹಗಲು ನಿನ್ನ ಪಾಡಿಗೆ ನೀನು ಸುತ್ತು, ಶುಕ್ರವಾರದ ರಾತ್ರಿ ಮಾತ್ರ ನಮಗೆ ಬಿಡು' ಎಂದು ಗೆಳತಿ ಮೊದಲೇ ಬರೆದಿದ್ದಳು. ಅವಳು ಅಲ್ಲಿನ ಪ್ರೈಮರಿ ಶಾಲೆಯ ಟೀಚರ್. ನಮ್ಮ ಶಾಲೆಯ ಮಕ್ಕಳಿಂದ ಅವಳ ಶಾಲೆಯ ಮಕ್ಕಳಿಗೆ ಪೋಸ್ಟ್‌ಕಾರ್ಡ್ ಕಳಿಸುತ್ತಾ ಕಳಿಸುತ್ತಾ ನಾವಿಬ್ಬರೂ ಹನ್ನೊಂದು ವರ್ಷ ಬರೆದುಕೊಂಡಿದ್ದೇವೆ. ಮುಖ ನೋಡಿದ್ದು ಕಳೆದ ನವೆಂಬರಿನಲ್ಲೇ. ಜೊತೆಗೆ ಅವಳ ತಮ್ಮ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾನೆ, ರಾತ್ರಿ ಪಾಳಿ ಜಾಸ್ತಿ. ಅವನು ನನ್ನನ್ನು ಮೊದಲ ಮಾತಿನಿಂದಲೇ 'ಚಿಯೇಚಿಯೇ' ಎಂದು ಕರೆದ. ಅಕ್ಕ ಎಂದರ್ಥ.

ಪುಸ್ತಕದಂಗಡಿ ನಮ್ಮ ರಾತ್ರಿಯ ಕೊನೆಯ ನಿಲ್ದಾಣ. ಅಲ್ಲಿಗೆ ಹೋದ ದಾರಿಯನ್ನು ಸ್ವಲ್ಪ ಹೇಳಲೇಬೇಕು. ಇಡೀ ಸಂಜೆ ಸುತ್ತಿ, ಕಾಲು ಸೋತು, ಮಾತು ಕಡಿಮೆಯಾದ ಮೇಲೆ ಬಂದು ಕೂರುವ ಜಾಗ ಅದು.

ಸಂಜೆ ಏಳಕ್ಕೆ ಗೆಳತಿಯ ಮನೆಯಲ್ಲಿದ್ದೆ. ಬೀದಿಯಿಂದ ಬೀಥೋವನ್‌ನ ಪಿಯಾನೊ ರಾಗ ಕೇಳಿಸಿತು. ಇಬ್ಬರೂ ದಡಬಡ ಎದ್ದು ನೀಲಿ ಚೀಲ ಹಿಡಿದು ಮೆಟ್ಟಿಲಿಳಿದು ಓಡಿದರು. ಅದು ಕಸದ ಲಾರಿ. ಇಲ್ಲಿ ಕಸ ನೆಲ ಮುಟ್ಟಬಾರದು ಎನ್ನುವುದು ನಿಯಮ, ಹಾಗಾಗಿ ಬೀದಿಯಲ್ಲಿ ಚೀಲ ಇಟ್ಟು ಬರುವಂತಿಲ್ಲ. ಲಾರಿ ಬಂದಾಗ ನೀವೇ ಹೋಗಿ ಹಾಕಬೇಕು. ಆ ನೀಲಿ ಚೀಲಕ್ಕೆ ಕಟ್ಟುವ ಹಣದಲ್ಲೇ ಕಸದ ಶುಲ್ಕ ಸೇರಿದೆ. ತೈಪೆಯಲ್ಲಿ 2000ನೇ ಇಸವಿಯಿಂದ ಹೀಗೆ. ನಾನೂ ಕೆಳಗಿಳಿದೆ. ಗಲ್ಲಿಯಲ್ಲಿ ಇಪ್ಪತ್ತು ಜನ ಇದ್ದರು. ಅಜ್ಜಿಯೊಬ್ಬರು ನೈಟ್‌ಡ್ರೆಸ್ಸಿನಲ್ಲೇ ಬಂದು ಗೆಳತಿಯ ಕೈ ಹಿಡಿದು ಐದು ನಿಮಿಷ ಮಾತಾಡಿದರು. ನನ್ನನ್ನು ತೋರಿಸಿ ಏನೋ ಕೇಳಿದರು. 'ಇವರು ಊಟ ಮಾಡಿದ್ರಾ ಅಂತ ಕೇಳ್ತಿದ್ದಾರೆ' ಎಂದಳು ಗೆಳತಿ. ಒಬ್ಬಳೇ ಹೋಟೆಲಿನಲ್ಲಿ ಇದ್ದಿದ್ದರೆ ಆ ರಾಗ ಐಸ್‌ಕ್ರೀಂ ಗಾಡಿಯದ್ದೆಂದೇ ಅಂದುಕೊಂಡಿರುತ್ತಿದ್ದೆ.

ಅಲ್ಲಿಂದ ರಾವ್‌ಹ ಬೀದಿಯ ರಾತ್ರಿ ಸಂತೆಗೆ. ಮೆಟ್ರೊವನ್ನು ಅಲ್ಲಿ ಎಂಆರ್‌ಟಿ ಎನ್ನುತ್ತಾರೆ. ಹಸಿರು ಮಾರ್ಗದ ಕೊನೆಯ ನಿಲ್ದಾಣ ಸೊಂಗ್‌ಶಾನ್‌ನಲ್ಲಿ ಇಳಿದರೆ ಸಂತೆ ಹತ್ತಿರ. ಒಂದು ಮಾತು ನೆನಪಿಡಿ. ನನ್ನ ಕೈಯಲ್ಲಿ ಬಬಲ್ ಟೀ ಇತ್ತು. ಗೇಟಿನ ಹತ್ತಿರ ಹೋಗುತ್ತಲೇ ತಮ್ಮ ಅಡ್ಡ ಬಂದು ನಿಲ್ಲಿಸಿದ. ಮೆಟ್ರೊ ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಗುಟುಕು ನೀರು ಕೂಡ ಇಲ್ಲ. ದಂಡ 1,500ರಿಂದ 7,500 ತೈವಾನ್ ಡಾಲರ್. ನಾವು ಹೊರಗೆ ನಿಂತು ಪೂರ್ತಿ ಕುಡಿದು ಮುಗಿಸಿ ಒಳಗೆ ಹೋದೆವು. ಅಷ್ಟು ಜನ ಓಡಾಡುವ ರೈಲಿನ ನೆಲದಲ್ಲಿ ಒಂದು ಕಲೆ ಇರಲಿಲ್ಲ.

ರಾವ್‌ಹ ಸಂತೆ ಸುಮಾರು 600 ಮೀಟರ್ ಉದ್ದದ ಒಂದೇ ಬೀದಿ. ಅದರ ಪೂರ್ವದ ತುದಿಯಲ್ಲಿ ಸಮುದ್ರದ ದೇವಿ ಮಾಜುವಿನ ದೇವಸ್ಥಾನ, ಹೆಸರು ತ್ಸಿಯೋ. ಹದಿನೆಂಟನೇ ಶತಮಾನದ್ದು. ಮೊದಲು ಅಲ್ಲಿ ಕೈ ಮುಗಿದೆವು. ಗೆಳತಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡು ಎಸೆದು ದೇವಿಗೆ ಏನೋ ಕೇಳಿದಳು. ಒಂದು ತುಂಡು ಬೋರಲು, ಒಂದು ಅಂಗಾತ ಬಿದ್ದರೆ 'ಹೌದು'. ಎರಡೂ ಬೋರಲು ಬಿದ್ದರೆ 'ಇಲ್ಲ'. ಎರಡೂ ಅಂಗಾತ ಬಿದ್ದರೆ ದೇವಿ ನಗುತ್ತಿದ್ದಾಳೆ, ಇನ್ನೊಮ್ಮೆ ಕೇಳು ಎಂದು. ಅವಳಿಗೆ ಎರಡು ಸಲ ನಗು ಬಂತು, ಮೂರನೇ ಸಲ ಹೌದು. ಏನು ಕೇಳಿದಳೆಂದು ನಾನು ಕೇಳಲಿಲ್ಲ.

ನಾನು ಮಾಂಸ ತಿನ್ನುವವಳಲ್ಲ. ರಾತ್ರಿ ಸಂತೆಯಲ್ಲಿ ನನ್ನಂಥವರಿಗೆ ಏನೂ ಸಿಗಲ್ಲ ಎಂದು ಹಲವರು ಹೆದರಿಸಿದ್ದರು. ಅದು ನಿಜವಲ್ಲ. ತೈವಾನಿನಲ್ಲಿ ಬೌದ್ಧರ ಸಸ್ಯಾಹಾರ ಬಹಳ ಹಳೆಯದು. ಅಂಥ ಅಂಗಡಿಗಳ ಬೋರ್ಡಿನ ಮೇಲೆ ಹೆಚ್ಚಾಗಿ ಸ್ವಸ್ತಿಕ ಇರುತ್ತದೆ. 'ಸು' ಎನ್ನುವ ಒಂದೇ ಪದ ಕಲಿತರೆ ಹೊಟ್ಟೆ ತುಂಬುತ್ತದೆ. ಕಟ್ಟಾ ಸಸ್ಯಾಹಾರಿಗಳು ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಆದರೆ ಸ್ವಸ್ತಿಕ ಇಲ್ಲದ ಕಡೆ ಎಚ್ಚರ ಬೇಕು. ಒಂದು ಗಾಡಿಯಲ್ಲಿ ಕೆಸುವಿನ ಗಡ್ಡೆಯ ಉಂಡೆ ಕರಿಯುತ್ತಿದ್ದರು. ಬರೀ ಗಡ್ಡೆ ಎಂದುಕೊಂಡು ನಾನೇ ಕೊಂಡುಬಿಟ್ಟೆ. ಮುರಿದು ನೋಡಿದಾಗ ಒಳಗೆ ಹತ್ತಿಯಂತೆ ಎಳೆಎಳೆಯಾಗಿ ಒಣ ಹಂದಿಮಾಂಸ. ತಮ್ಮ ಅದನ್ನು ತನ್ನ ಕೈಗೆ ತೆಗೆದುಕೊಂಡು, 'ಇನ್ನು ಮೇಲೆ ನಾನು ಕೇಳಿ ಕೊಡ್ತೀನಿ, ಚಿಯೇಚಿಯೇ, ನೀವು ಬೆರಳು ತೋರಿಸಿ ಸಾಕು' ಎಂದ. ಆಮೇಲೆ ಪ್ರತಿ ಗಾಡಿಯ ಮುಂದೆ ಅವನು ಬಗ್ಗಿ, ಎಣ್ಣೆ ಯಾವುದು, ಸಾರು ಯಾವುದರದ್ದು ಎಂದು ವಿಚಾರಿಸಿದ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಹಾಗೆ ಸಿಕ್ಕಿದ್ದರಲ್ಲಿ ಒಂದನ್ನು ನಾನು ಮರೆಯುವುದಿಲ್ಲ. ದೊಡ್ಡ ಕಡಲೆಕಾಯಿ ಚಿಕ್ಕಿಯ ದಿಮ್ಮಿಯನ್ನು ತುರಿದು ಪುಡಿ ಮಾಡುತ್ತಾರೆ. ತೆಳ್ಳನೆಯ ಹಾಳೆಯಂಥ ರೊಟ್ಟಿಯ ಮೇಲೆ ಆ ಪುಡಿ ಹರಡಿ, ಎರಡು ಉಂಡೆ ಐಸ್‌ಕ್ರೀಂ ಇಟ್ಟು, ಮೇಲೆ ಹಸಿ ಕೊತ್ತಂಬರಿ ಸೊಪ್ಪು ಉದುರಿಸಿ ಸುರುಳಿ ಸುತ್ತಿ ಕೊಡುತ್ತಾರೆ. ಐಸ್‌ಕ್ರೀಂಗೆ ಕೊತ್ತಂಬರಿಯೇ ಅನ್ನಬೇಡಿ. ಸಿಹಿ, ತಣ್ಣಗೆ, ಕರುಕುರು, ಅದರ ನಡುವೆ ಆ ಸೊಪ್ಪಿನ ಘಮ. ನಾನು ಎರಡು ತಿಂದೆ. ಸಂತೆಯ ಬಾಯಿಯಲ್ಲಿ ತಂದೂರಿನಂಥ ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಸಿ ಸುಡುವ ಮೆಣಸಿನ ಬನ್ನಿಗೆ ದೊಡ್ಡ ಸಾಲು ಇತ್ತು. ಅದರೊಳಗೆ ಹಂದಿಮಾಂಸ, ಹಾಗಾಗಿ ಅಕ್ಕ ತಮ್ಮ ತಿಂದರು. ನಾನು ಒಲೆಯ ಬಿಸಿಗೆ ಕೈ ಕಾಸಿಕೊಂಡೆ.

ಹತ್ತೂ ಮುಕ್ಕಾಲಿಗೆ ಅಲ್ಲಿಂದ ಹೊರಟು ನಡೆದೇ ಹೋದೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ಸಂಜೆ ಗೆಳತಿಯ ಮನೆಯ ಟೆರೇಸಿನಿಂದ ನೋಡಿದಾಗ 101ರ ದೀಪ ನೀಲಿ ಇತ್ತು. ವಾರದ ಒಂದೊಂದು ದಿನಕ್ಕೆ ಕಾಮನಬಿಲ್ಲಿನ ಒಂದೊಂದು ಬಣ್ಣವಂತೆ, ಸೋಮವಾರ ಕೆಂಪಿನಿಂದ ಶುರು, ಶುಕ್ರವಾರ ನೀಲಿ. 'ಪಾಳಿ ಬದಲಾಗಿ ಬದಲಾಗಿ ಯಾವ ವಾರ ಅಂತ ಮರೆತುಹೋದಾಗ ಕಿಟಕಿಯಿಂದ ಅದನ್ನ ನೋಡ್ತೀನಿ' ಎಂದ ತಮ್ಮ. ಹತ್ತಕ್ಕೆ ಅದರ ದೀಪ ಆರುತ್ತದೆ. ನಾವು ನಡೆಯುವಾಗ 508 ಮೀಟರಿನ ಆ ಗೋಪುರ ಮೋಡದೊಳಗೆ ಕಪ್ಪಗೆ ನಿಂತಿತ್ತು. ಹಾಗೆ ನೋಡಿದ್ದೇ ನನಗೆ ಜಾಸ್ತಿ ಇಷ್ಟವಾಯಿತು.

ಈಗ ಅಂಗಡಿಯ ವಿಷಯ.

ಎಸ್‌ಲೈಟ್ ತೈವಾನಿನ ಪುಸ್ತಕದಂಗಡಿಗಳ ಸಂಸ್ಥೆ. ಅಲ್ಲಿಯವರು ಕರೆಯುವುದು 'ಚಂಗ್‌ಪಿನ್' ಎಂದು. ಸೊಂಗ್‌ಯೆನ್ ಎಂದರೆ ಸೊಂಗ್‌ಶಾನ್ ತಂಬಾಕು ಎಂಬುದರ ಚಿಕ್ಕ ರೂಪ. ಪಕ್ಕದಲ್ಲೇ ಜಪಾನಿಯರ ಆಳ್ವಿಕೆಯಲ್ಲಿ 1937ರಲ್ಲಿ ಕಟ್ಟಿದ ಸಿಗರೇಟಿನ ಕಾರ್ಖಾನೆ ಇದೆ. 1998ರಲ್ಲಿ ಕೆಲಸ ನಿಂತಿತು. 2011ರಿಂದ ಅದು ಕಲೆ ಮತ್ತು ವಿನ್ಯಾಸದ ಪಾರ್ಕ್. ಅದರ ಬದಿಗೆ ಬಾಗಿದ ಬೆನ್ನಿನಂಥ ಹೊಸ ಕಟ್ಟಡ ಬಂತು, ವಿನ್ಯಾಸ ಜಪಾನಿನ ತೊಯೊ ಇತೊ ಅವರದ್ದು. ಎಸ್‌ಲೈಟ್ ಇಲ್ಲಿಗೆ ಬಂದಿದ್ದು 2013ರಲ್ಲಿ. ಕೆಳಗಿನ ಮಹಡಿಗಳಲ್ಲಿ ಬಟ್ಟೆ, ಟೀ, ಗಾಜಿನ ಸಾಮಾನು. ಅವೆಲ್ಲ ರಾತ್ರಿ ಮುಚ್ಚುತ್ತವೆ. ಮೂರನೇ ಮಹಡಿಯ ಪುಸ್ತಕದಂಗಡಿ ಮಾತ್ರ 2024ರ ಜನವರಿಯಿಂದ ದಿನದ 24 ಗಂಟೆಯೂ ತೆರೆದಿರುತ್ತದೆ.

ಮುಚ್ಚಿದ ಮಳಿಗೆಗಳನ್ನು ದಾಟಿ, ಲಿಫ್ಟ್ ಹತ್ತಿ, ಬಾಗಿಲು ತೆರೆದ ಕೂಡಲೇ ಎದುರಿಗೆ ಬೆಳಕು ಮತ್ತು ಪುಸ್ತಕ. ಮೊದಲು ಬಡಿದದ್ದು ವಾಸನೆ. ಹೊಸ ಕಾಗದದ್ದು, ಮರದ್ದು, ಜೊತೆಗೆ ಒದ್ದೆ ಛತ್ರಿಗಳದ್ದು. ಬೆಳಕು ಹಳದಿ ಛಾಯೆಯದ್ದು, ಕಣ್ಣಿಗೆ ಹಿತ. ಸುಮ್ನೆ ಚೆಂದಕ್ಕೆ ಹಾಕಿದ ಬೆಳಕಲ್ಲ. ಬಗ್ಗಿ ಕೆಳಗಿನ ಸಾಲಿನ ಪುಸ್ತಕದ ಬೆನ್ನು ನೋಡಿದರೂ ಅಕ್ಷರ ಕಾಣಿಸುತ್ತಿತ್ತು. ಲೈಬ್ರರಿಯಲ್ಲಿ ನಾನು ಹದಿನಾರು ವರ್ಷ ಗುದ್ದಾಡಿದ್ದು ಆ ಕೆಳಗಿನ ಸಾಲಿನ ಬೆಳಕಿಗಾಗಿಯೇ. ಅಲ್ಲಿ ಕತ್ತಲಿದ್ದರೆ ಆ ಪುಸ್ತಕಗಳನ್ನು ಯಾರೂ ತೆಗೆಯುವುದಿಲ್ಲ.

ರಾತ್ರಿ ಹನ್ನೆರಡರ ಹೊತ್ತಿಗೆ ಅಲ್ಲಿ ಎಷ್ಟು ಜನ ಇರಬಹುದು ಅಂತೀರಿ? ನಾನು ಒಂದು ಸುತ್ತು ಹೊಡೆದು ಎಣಿಸಿದೆ, ಐವತ್ತು ದಾಟಿದ ಮೇಲೆ ಬಿಟ್ಟೆ. ಕಾಲೇಜಿನ ಹುಡುಗ ಹುಡುಗಿಯರು, ಕೈ ಹಿಡಿದುಕೊಂಡು ಒಂದೇ ಪುಸ್ತಕ ನೋಡುತ್ತಿದ್ದ ವಯಸ್ಸಾದ ಗಂಡ ಹೆಂಡತಿ, ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡ ಸ್ಕೂಟರಿನವರು. ಮೂರು ಗಂಟೆಗೆ ಹದಿನೈದಿಪ್ಪತ್ತು ಜನ ಉಳಿದಿದ್ದರು. ಅಷ್ಟೂ ಜನ ಓದುತ್ತಿದ್ದರು. ಫೋನ್ ನೋಡುತ್ತಿದ್ದವರು ಕಡಿಮೆ.

ಪುಸ್ತಕದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಚೀನೀ ಭಾಷೆಯವು. ಚೀನಾದಲ್ಲಿ ಈಗ ಬಳಸುವ ಸರಳ ಲಿಪಿಯಲ್ಲ, ತೈವಾನ್ ಉಳಿಸಿಕೊಂಡ ಹಳೆಯ ಪೂರ್ಣ ಲಿಪಿ. ಸಾಹಿತ್ಯದ ಪುಸ್ತಕಗಳಲ್ಲಿ ಹೆಚ್ಚಿನವು ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ. ಪುಸ್ತಕವನ್ನು ಹಿಂದಿನಿಂದ ತೆರೆದಂತೆ ಅನಿಸುತ್ತದೆ. ಭಾಷೆ ಬಾರದವರು ಒಬ್ಬರೇ ಹೋದರೆ ಚಿತ್ರ, ಫೋಟೊ, ವಿನ್ಯಾಸದ ಪುಸ್ತಕ ನೋಡಿ ಒಂದು ಗಂಟೆ ಚೆನ್ನಾಗಿ ಕಳೆಯಬಹುದು. ನನಗೆ ಆರು ಗಂಟೆ ಸಾಲದೆ ಹೋಗಿದ್ದು ಓದಿ ಹೇಳುವವರು ಪಕ್ಕದಲ್ಲಿದ್ದುದರಿಂದ.

ಮಕ್ಕಳ ವಿಭಾಗದಲ್ಲಿ ನಾನು ಬೇರು ಬಿಟ್ಟೆ. ಅಲ್ಲಿ ಪ್ರತಿ ಚೀನೀ ಅಕ್ಷರದ ಬಲಬದಿಗೆ ಇರುವೆಯಷ್ಟು ಸಣ್ಣ ಗುರುತುಗಳಿದ್ದವು. ಏನಿದು ಎಂದು ಕೇಳಿದೆ. ಗೆಳತಿಯ ಮುಖ ಅರಳಿತು, ಅವಳು ಒಂದನೇ ಕ್ಲಾಸಿಗೆ ಕಲಿಸುವುದೇ ಅದನ್ನು. ಚೀನೀ ಅಕ್ಷರ ನೋಡಿದರೆ ಅದನ್ನು ಹೇಗೆ ಉಚ್ಚರಿಸಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಹಾಗಾಗಿ ಮೊದಲು 37 ಧ್ವನಿಚಿಹ್ನೆ ಕಲಿಸುತ್ತಾರೆ. 'ಬೊ ಪೊ ಮೊ ಫೊ' ಎಂದು ಶುರುವಾಗುತ್ತದೆ. ಪುಸ್ತಕದಲ್ಲಿ ಅಕ್ಷರದ ಪಕ್ಕ ಆ ಚಿಹ್ನೆಗಳನ್ನು ಬರೆದು ಉಚ್ಚಾರ ತೋರಿಸುತ್ತಾರೆ. ನಾನು ಲೈಬ್ರರಿಯ ರಸೀದಿ ಪುಸ್ತಕದ ಹಿಂದೆ ಬರೆದುಕೊಳ್ಳುತ್ತಿದ್ದಂತೆ, ಸಂತೆಯ ಒಂದು ಪೇಪರ್ ಚೀಲದ ಮೇಲೆ ಮೊದಲ ಎಂಟು ಚಿಹ್ನೆ ಬರೆದುಕೊಂಡೆ. ಆಮೇಲೆ ಆಮೆಯ ಕಥೆಯಲ್ಲಿ ಅವು ಬಂದಲ್ಲೆಲ್ಲ ಬೆರಳಿಟ್ಟು ಓದಿದೆ. 'ಮಳೆ' ಎನ್ನುವ ಪದ ಮಾತ್ರ ಅಕ್ಷರದ ಆಕಾರದಿಂದಲೇ ನನಗೆ ಸಿಕ್ಕಿತು. ಆ ಅಕ್ಷರದೊಳಗೆ ನಾಲ್ಕು ಹನಿಗಳಿವೆ. ಕಿಟಕಿಯಿಂದ ನೋಡಿದಂತೆ ಕಾಣುತ್ತದೆ.

ಆ ಪುಸ್ತಕ ಕೊಂಡೆ, 320 ತೈವಾನ್ ಡಾಲರ್. ಅಂಗಡಿಯಲ್ಲಿ ಅಲ್ಲಿಯವರು ಡಾಲರ್ ಎನ್ನುವುದಿಲ್ಲ, 'ಕ್ವಾಯ್' ಎನ್ನುತ್ತಾರೆ. ಬಿಲ್ಲು ಮಾಡಿದ ಹುಡುಗ ಪುಸ್ತಕದ ಮೂಲೆ ಮಡಚಿದೆಯೇ ಎಂದು ತಿರುಗಿಸಿ ನೋಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಬಿಲ್ಲನ್ನು ಬಿಸಾಡಬೇಡ ಎಂದು ಗೆಳತಿ ಕಸಿದುಕೊಂಡಳು. ತೈವಾನಿನಲ್ಲಿ ಅಂಗಡಿಯ ಬಿಲ್ಲೇ ಲಾಟರಿ ಚೀಟಿ. ಅಂಗಡಿಯವರು ತೆರಿಗೆ ತಪ್ಪಿಸದಂತೆ, ಗಿರಾಕಿಗಳೇ ಬಿಲ್ಲು ಕೇಳಿ ಪಡೆಯಲಿ ಎಂದು 1951ರಲ್ಲಿ ಸರ್ಕಾರ ಶುರು ಮಾಡಿದ ಏರ್ಪಾಡು. ಎರಡು ತಿಂಗಳಿಗೊಮ್ಮೆ 25ನೇ ತಾರೀಕು ನಂಬರ್ ತೆಗೆಯುತ್ತಾರೆ. ಅತಿ ದೊಡ್ಡ ಬಹುಮಾನ ಒಂದು ಕೋಟಿ, ಅತಿ ಸಣ್ಣದು 200. ನನ್ನ ಬಿಲ್ಲು ಜನವರಿಯದ್ದಕ್ಕೆ ಸೇರುತ್ತದೆ. ಅವಳು ಅದನ್ನು ಪರ್ಸಿನ ಒಳಜೇಬಿಗೆ ಹಾಕಿಕೊಂಡಳು.

ಈ ಅಂಗಡಿ ಹೊಸದು, ಆದರೆ ರಾತ್ರಿಯಿಡೀ ಪುಸ್ತಕ ಓದುವ ಅಭ್ಯಾಸ ಹಳೆಯದು. ಅದನ್ನು ಹೇಳಿದ್ದು ತಮ್ಮ. ಎಸ್‌ಲೈಟ್ ಶುರುವಾದದ್ದು 1989ರಲ್ಲಿ. ಅದಕ್ಕೆ ಎರಡೇ ವರ್ಷ ಮೊದಲು, 1987ರಲ್ಲಿ, ತೈವಾನಿನಲ್ಲಿ 38 ವರ್ಷದ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಕೊನೆಯಾಗಿತ್ತು. ಅದಿದ್ದಾಗ ಎಷ್ಟೋ ಪುಸ್ತಕಗಳಿಗೆ ನಿಷೇಧ. ಕೆಲವನ್ನು ಮನೆಯಲ್ಲಿಟ್ಟುಕೊಳ್ಳಲೂ ಜನ ಹೆದರುತ್ತಿದ್ದರು. ಅವರ ಅಪ್ಪ ಹೊಸ ಅಂಗಡಿಗೆ ಮೊದಲ ಸಲ ಹೋದಾಗ, ತೆರೆದ ಕಪಾಟಿನಿಂದ ಪುಸ್ತಕ ತೆಗೆದು ಎಲ್ಲರ ಎದುರಿಗೇ ಓದುತ್ತಾ ನಿಂತವರನ್ನು ನೋಡಿ ಬಹಳ ಹೊತ್ತು ಸುಮ್ಮನೆ ನಿಂತಿದ್ದರಂತೆ.

ಅಂಗಡಿ ತೆರೆದ ವು ಚಿಂಗ್‌ಯೋ ಎನ್ನುವವರು ಅದಕ್ಕೂ ಮೊದಲು ಹೋಟೆಲುಗಳಿಗೆ ಅಡುಗೆಮನೆ ಸಲಕರಣೆ ಮಾರುತ್ತಿದ್ದವರು. ಹೃದಯದ ಕಾಯಿಲೆ ಬಂದು ಸಾವನ್ನು ಹತ್ತಿರದಿಂದ ನೋಡಿದ ಮೇಲೆ ಪುಸ್ತಕದ ಕಡೆ ತಿರುಗಿದರು. ಮೊದಲ 15 ವರ್ಷ ನಷ್ಟವೇ. ಆ ನಷ್ಟದ ನಡುವೆಯೇ 1999ರಲ್ಲಿ ದುನ್‌ನಾನ್ ಶಾಖೆಯನ್ನು ರಾತ್ರಿಯಿಡೀ ತೆರೆದಿಡಲು ಶುರು ಮಾಡಿದರು. 2017ರಲ್ಲಿ ಅವರು ತೀರಿಕೊಂಡರು.

ಗೆಳತಿಯೂ ತಮ್ಮನೂ ಬೆಳೆದದ್ದು ಆ ದುನ್‌ನಾನ್ ಅಂಗಡಿಯ ಮರದ ಮೆಟ್ಟಿಲುಗಳ ಮೇಲೆ. ಪರೀಕ್ಷೆ ಹತ್ತಿರ ಬಂದಾಗ, ಮನೆಯಲ್ಲಿ ಜಗಳವಾದಾಗ, ಕೊನೆಯ ಮೆಟ್ರೊ ತಪ್ಪಿದಾಗ ಅಲ್ಲಿಗೇ. ಮಗಳು ರಾತ್ರಿ ಎಲ್ಲಿದ್ದಾಳೆ ಎಂದರೆ ಚಂಗ್‌ಪಿನ್ ಎಂದು ಉತ್ತರ ಬಂದರೆ ಅಮ್ಮ ಮತ್ತೆ ಕೇಳುತ್ತಿರಲಿಲ್ಲವಂತೆ. 2020ರ ಮೇ 31ರ ಮಧ್ಯರಾತ್ರಿ ಆ ಅಂಗಡಿ ಮುಚ್ಚಿತು. ಇಬ್ಬರೂ ಜನರ ಗುಂಪಿನಲ್ಲಿ ನಿಂತಿದ್ದರು. ಆಮೇಲೆ ಶಿನ್‌ಯಿ ಶಾಖೆ ರಾತ್ರಿಯ ಅಂಗಡಿಯಾಯಿತು. 2023ರ ಡಿಸೆಂಬರ್ 24ಕ್ಕೆ ಅದೂ ಮುಚ್ಚಿತು. ಕೆಲವು ವಾರ ಇಡೀ ಊರಿಗೆ ರಾತ್ರಿಯ ಪುಸ್ತಕದಂಗಡಿಯೇ ಇರಲಿಲ್ಲ. 'ಪಾಳಿ ಮುಗಿಸಿ ಹೊರಗೆ ಬಂದ್ರೆ ಎಲ್ಲಿಗೆ ಹೋಗಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಮಲಗೋಕೆ ಆಗಲ್ಲ, ಮಾತಾಡೋಕೂ ಆಗಲ್ಲ. ಅಂಥ ಹೊತ್ತಲ್ಲಿ ಜನ ಇರಬೇಕು, ಆದ್ರೆ ಅವರು ಸುಮ್ನೆ ಇರಬೇಕು, ಅಲ್ವಾ ಚಿಯೇಚಿಯೇ?' ಎಂದ ತಮ್ಮ. ಆ ವಾರ್ಡಿನಲ್ಲಿ ಅವನು ಏನೇನು ನೋಡಿ ಬರುತ್ತಾನೋ ನನಗೆ ತಿಳಿಯದು. ಆದರೆ ಅವನ ಮಾತು ಅರ್ಥವಾಯಿತು.

ಹಳೆಯದಕ್ಕೆ ಹೋಲಿಸಿದರೆ ಇದು ಹೇಗೆ ಎಂದು ಕೇಳಿದೆ. ಗೆಳತಿ ಸ್ವಲ್ಪ ಯೋಚಿಸಿ, ಆ ಮೆಟ್ಟಿಲು ಇಲ್ಲಿಲ್ಲ ಎಂದಳು. ತಮ್ಮ ಹೇಳಿದ್ದು ಬೇರೆ. ಇಲ್ಲಿ ಮೂಲೆಗಳು ಜಾಸ್ತಿ, ಯಾರೂ ಎಬ್ಬಿಸುವುದಿಲ್ಲ, ಅಷ್ಟು ಸಾಕು. ಅವನಿಗೆ ಇಲ್ಲೊಂದು ಜಾಗ ಗೊತ್ತಿದೆ. ಇತಿಹಾಸದ ಕಪಾಟಿನ ಹಿಂದೆ. ಅಲ್ಲಿ ಹೋಗಿ ದಪ್ಪನೆಯ ಒಂದು ಪುಸ್ತಕ ತೆಗೆದು, ನೇರವಾಗಿ ನಡುವಿನ ಪುಟ ತೆರೆದ. ತೈವಾನಿನ ಸುತ್ತ ಮುಳುಗಿದ ಹಡಗುಗಳ ಬಗ್ಗೆಯಂತೆ. ಪ್ರತಿ ವಾರ ಬಂದು ಒಂದಷ್ಟು ಓದಿ ಅದೇ ಜಾಗದಲ್ಲಿ ಇಟ್ಟು ಹೋಗುತ್ತಾನೆ. ಕೊಳ್ಳುವುದಿಲ್ಲವೇ ಎಂದೆ. 'ಕೊಂಡ್ರೆ ಮನೇಲಿ ಓದ್ತೀನಿ. ಮನೇಲಿ ಓದಿದ್ರೆ ಇಲ್ಲಿಗೆ ಬರಲ್ಲ' ಎಂದ. ಬೇರೆ ಪುಸ್ತಕ ಅವನು ಬೇಕಾದಷ್ಟು ಕೊಳ್ಳುತ್ತಾನೆ, ಆ ರಾತ್ರಿಯೂ ಎರಡು ಕೊಂಡ.

ಹೋಗುವವರಿಗೆ ಒಂದೆರಡು ಮಾತು. ಹಗಲಾದರೆ ನೀಲಿ ಮಾರ್ಗದ ಸನ್ ಯತ್‌ಸೆನ್ ಮೆಮೋರಿಯಲ್ ಹಾಲ್ ನಿಲ್ದಾಣ ಹತ್ತಿರ, ತೈಪೆ ಡೋಮ್ ಸ್ಟೇಡಿಯಂ ಪಕ್ಕದಿಂದ ನಡೆದು ಹೋಗಬಹುದು. ಮೆಟ್ರೊ ನಡುರಾತ್ರಿಗೆ ನಿಂತು ಬೆಳಗ್ಗೆ ಆರಕ್ಕೆ ಶುರುವಾಗುತ್ತದೆ. ನಡುವೆ ಹೊರಡಬೇಕಾದರೆ ಹಳದಿ ಟ್ಯಾಕ್ಸಿ. ಮೀಟರ್ 85ರಿಂದ ಶುರು, 1.25 ಕಿಲೋಮೀಟರ್‌ವರೆಗೆ ಅಷ್ಟೇ, ರಾತ್ರಿ ಹನ್ನೊಂದರ ನಂತರ ಮೇಲೆ 20 ಸೇರುತ್ತದೆ. ಒಂದು ಸ್ವೆಟರ್ ಇಟ್ಟುಕೊಳ್ಳಿ. ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಮೊದಲು ಸಂತೆ, ಆಮೇಲೆ ಪುಸ್ತಕ. ತಿರುಗಿಸಿದರೆ ಸಂತೆ ಮುಚ್ಚಿರುತ್ತದೆ, ಅದು ಹನ್ನೆರಡರ ಹೊತ್ತಿಗೆ ಖಾಲಿಯಾಗುತ್ತದೆ. ಸಾಧ್ಯವಾದರೆ ಅಲ್ಲಿಯವರೊಬ್ಬರ ಜೊತೆ ಹೋಗಿ. ಅವರಿಗೆ ಇಷ್ಟವಾದ ಒಂದು ಪುಸ್ತಕ ತೋರಿಸಲು ಹೇಳಿ, ಒಂದು ಪುಟ ಓದಿಸಿ. ಅರ್ಥ ಆಮೇಲೆ ಕೇಳಿ. ಹನ್ನೊಂದು ವರ್ಷ ಬರೆದುಕೊಂಡರೂ ನನ್ನ ಗೆಳತಿಯ ಭಾಷೆ ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಮೆ ಮಾತಾಡುವಾಗ ಅವಳು ದನಿ ದಪ್ಪ ಮಾಡುತ್ತಿದ್ದಳು. ಒಂದನೇ ಕ್ಲಾಸಿನ ಮಕ್ಕಳಿಗೆ ಕೇಳಿಸುವುದು ಆ ದನಿಯೇ ಇರಬೇಕು.

ಬೆಳಗ್ಗೆ ಐದೂ ಮುಕ್ಕಾಲಿಗೆ ಎದ್ದೆವು. ತಮ್ಮ ಹಡಗಿನ ಪುಸ್ತಕ ಮುಚ್ಚಿ, ಪುಟದ ಸಂಖ್ಯೆಯನ್ನು ಪೆನ್ನಿನಿಂದ ತನ್ನ ಅಂಗೈಯಲ್ಲಿ ಬರೆದುಕೊಂಡ, 148. ಹೊರಗೆ ಮಳೆ ನಿಂತಿತ್ತು. ಮೂಲೆಯ 7-ಇಲೆವೆನ್‌ನಲ್ಲಿ ಬಿಸಿ ಸೋಯಾ ಹಾಲು ಕೊಂಡು ರಸ್ತೆಯಲ್ಲೇ ಕುಡಿದು ಮುಗಿಸಿದೆವು, ಮೆಟ್ರೊ ಹತ್ತಬೇಕಲ್ಲ.

ಜನವರಿ 25ರ ಸಂಜೆ ಗೆಳತಿಯ ಮೆಸೇಜ್ ಬಂತು. ನನ್ನ ಬಿಲ್ಲಿನ ಫೋಟೊ, ಕೆಳಗೆ ಎರಡು ಸಾಲು: 'ಬಹುಮಾನ ಬಂದಿಲ್ಲ, ಆದ್ರೂ ಇದನ್ನ ಆಮೆಯ ಜೊತೆ ಇಟ್ಕೋ, ಅಂಚೆಯಲ್ಲಿ ಕಳಿಸ್ತಿದ್ದೀನಿ. ತಮ್ಮ 310ನೇ ಪುಟದಲ್ಲಿದ್ದಾನೆ.'